ಬೂದು ಪೊಟ್ಟಣ

ಮೆಜೆಸ್ಟಿಕ್ಕಿನ ಮೂತ್ರಾಲಯದ ಗೋಡೆಯ ತುಂಬ
ಗುಪ್ತರೋಗ ಎಂದು ಅಂಟಿಸಿದ್ದಾರೆ,
ಕೆಂಪಕ್ಷರದಲ್ಲಿ, ಫೋನ್ ನಂಬರಿನ ಸಮೇತ.
ಈ ಊರಲ್ಲಿ ಇಷ್ಟು ಬಹಿರಂಗವಾದ ಗುಟ್ಟು
ಇನ್ನೊಂದಿಲ್ಲ.

ನನ್ನ ಕೋಣೆಗೆ ಅಂಥ ಬೋರ್ಡಿಲ್ಲ.
ಎಕ್ಸ್‌ರೇ ದಾಟಿ, ನೀರಿನ ಡ್ರಮ್ಮು ದಾಟಿ, ಹದಿನೇಳನೇ ನಂಬರು.
ಪರದೆ ಒಂದು, ಕುರ್ಚಿ ಎರಡು.
ಎರಡನೆಯದರ ಮೇಲೆ ಯಾವಾಗಲೂ ನನ್ನ ಬ್ಯಾಗು,
ಜೋಡಿಯಾಗಿ ಬರುವವರು ಕಡಿಮೆ.

ಗಂಡಸರು ಬಂದರೆ ‘ಉಷ್ಣ ಮೇಡಂ’ ಅನ್ನುತ್ತಾರೆ.
ಎಳನೀರು ಕುಡಿದದ್ದಾಯಿತು, ಬಾರ್ಲಿ ಕುಡಿದದ್ದಾಯಿತು,
ಅಂಗಾಲಿಗೆ ಹರಳೆಣ್ಣೆ ತಿಕ್ಕಿದ್ದೂ ಆಯಿತು.
ಹೆಂಗಸರು ನೆಲ ನೋಡುತ್ತ ‘ಬಿಳಿ ಸೆರಗು’ ಅನ್ನುತ್ತಾರೆ.
ಯಾವ ಅಜ್ಜಿ ಇಟ್ಟಳೋ ಈ ಹೆಸರು!
ಬೇನೆಗೂ ಸೀರೆ ಉಡಿಸಿ, ಮರ್ಯಾದೆಯಿಂದ
ಆಸ್ಪತ್ರೆಗೆ ಕಳಿಸಿಕೊಟ್ಟಿದ್ದಾಳೆ.

ಅಂಬುಜಾಕ್ಷಿಗೆ ಸೆರಗೂ ಇರಲಿಲ್ಲ, ಉರಿಯೂ ಇರಲಿಲ್ಲ.
ಮದುವೆಯಾಗಿ ನಾಲ್ಕು ವರ್ಷ, ಮಗುವಾಗಿಲ್ಲವೆಂದು ಬಂದವಳು.
ಪೀಣ್ಯದ ಗಾರ್ಮೆಂಟ್ಸಲ್ಲಿ ಕಾಲರ್ ಸೆಕ್ಷನ್ನು,
ದಿನಕ್ಕೆ ಆರುನೂರು ಕಾಲರು.
ವರದಿ ಓದಿ ಹೇಳಿದೆ. ‘ಫ್ಯಾಕ್ಟರಿ ಟಾಯ್ಲೆಟ್ಟಿಂದಲೇ
ಇರಬೇಕಲ್ವಾ ಮೇಡಂ?’ ಅಂದಳು.
ಹೂಂ ಅಂದುಬಿಡುವುದು ಎಷ್ಟು ಸುಲಭವಿತ್ತು.

ಇಲ್ಲಮ್ಮ. ಇದು ಬಲು ನಾಜೂಕಿನ ಜೀವ.
ಗಾಳಿ ತಾಗಿದರೆ ಒಣಗಿ ಸಾಯುತ್ತೆ.
ಬಕೆಟ್ಟು, ಚೊಂಬು, ಬಾಗಿಲ ಚಿಲಕ, ಯಾವುದೂ ಅದರ ದಾರಿಯಲ್ಲ.
ಅದಕ್ಕೆ ಬೇಕಾದದ್ದು ಮೈಯ ಬಿಸಿ, ಒದ್ದೆ,
ಒಬ್ಬರು ಇನ್ನೊಬ್ಬರಿಗೆ ಅನುಮಾನವಿಲ್ಲದೆ
ಬಾಗಿಲು ತೆಗೆಯುವ ಹೊತ್ತು.
ಗಂಡಸಿನಲ್ಲಿ ಸೇರಿದರೆ ಎಷ್ಟೋ ಸಲ
ವಾರದೊಳಗೇ ಉರಿದು ಹೆಸರು ಹೇಳುತ್ತೆ.
ಹೆಂಗಸಿನೊಳಗೆ, ಓನರ್ ಊರಲ್ಲಿಲ್ಲದ ಮನೆಗೆ ಬಂದ
ಬಾಡಿಗೆದಾರನ ಹಾಗೆ, ಸದ್ದಿಲ್ಲದೆ ಇದ್ದುಬಿಡುತ್ತೆ,
ಒಳಗಿನ ನಾಳ ಕಟ್ಟುವ ತನಕ.

ಬೂದು ಬಣ್ಣದ ಪೊಟ್ಟಣ ಎರಡು.
ನಿನಗೊಂದು, ಅವರಿಗೊಂದು. ಒಂದೇ ದಿನ ನುಂಗಬೇಕು.
ಆಮೇಲೆ ಏಳು ದಿನ ದೂರ.
ಚೀಟಿ ಬರೆದೆ. ಬಸ್ ಪಾಸಿನ ಹಿಂದೆ ಮಡಿಸಿಟ್ಟುಕೊಂಡಳು.

ಮೂರು ತಿಂಗಳಿಗೆ ಮತ್ತೆ ಬಂದಳು. ಮತ್ತೆ ಅದೇ.
ಮುನಿರಾಜು ನುಂಗಿದ್ದ. ಇವಳೇ ನೀರು ಕೊಟ್ಟು
ನಿಂತು ನೋಡಿದ್ದಳು.
ಏಳಲ್ಲ, ಹತ್ತು ದಿನ ಚಾಪೆ ಬೇರೆ ಹಾಸಿದ್ದಳು.
ನಾನು ಮಾತಾಡಲಿಲ್ಲ. ಫ್ಯಾನು ತಿರುಗುತ್ತಿತ್ತು.
‘ಹಂಗಾದ್ರೆ ಇನ್ನೊಂದ್ ಮನೆ ಇದೆ,’ ಅಂದಳು ತಾನೇ,
ಕಾಲರು ತಿರುವಿ
ಹೊಲಿಗೆ ಎಲ್ಲಿ ಬಿಟ್ಟಿದೆಯೆಂದು ನೋಡುವವಳ ಹಾಗೆ.
‘ಒಂದೆಳೆ ಬಿಟ್ರೂ ಬಿಚ್ಕೊಳುತ್ತಾ?’
‘ಬಿಚ್ಕೊಳುತ್ತೆ.’

ಮುಂದಿನ ಗುರುವಾರ ಕರೆಂಟಿಲ್ಲ. ಪರದೆ ಸರಿಯಿತು.
ಅಂಬುಜಾಕ್ಷಿ. ಅವಳ ಬೆನ್ನಿಗೆ ಇನ್ನೊಬ್ಬಳು,
ಕೈಯಲ್ಲಿ ಹೆಲ್ಮೆಟ್ಟು, ಕತ್ತಿನಲ್ಲಿ ಬೆವರು.
‘ಚೀಟಿ ಯಾಕೆ ಅಂತ ಆಳನ್ನೇ ಕರ್ಕೊಂಡ್ ಬಂದೆ.
ಇವಳು ಕೆಂಪಲಕ್ಷ್ಮಿ, ಲಗ್ಗೆರೆ. ಇವಳಿಗೂ ಏನೂ ಗೊತ್ತಾಗಿಲ್ಲ.’

ಎರಡನೇ ಕುರ್ಚಿಯಿಂದ ಬ್ಯಾಗು ತೆಗೆದೆ.
ಇಬ್ಬರೂ ಕೂತರು, ಮೊಣಕೈ ತಾಗದ ಹಾಗೆ.
ಲಗ್ಗೆರೆಯವಳು ಬಹಳ ಹೊತ್ತಿಗೆ, ನನಗಲ್ಲ, ಅವಳಿಗೆ:
‘ಸೂಜಿ ಚುಚ್ತಾರಾ?’
‘ಇಲ್ಲ, ಬರೀ ಮಾತ್ರೆ. ಊಟ ಮಾಡಿ ತಗೋ,
ಇಲ್ಲಾಂದ್ರೆ ವಾಕರಿಕೆ ಬರುತ್ತೆ.’

ಹದಿನೆಂಟು ವರ್ಷದ ನೌಕರಿಯಲ್ಲಿ
ಇಂಥ ಸಲಹೆ ನಾನು ಕೊಟ್ಟಿಲ್ಲ.

ಪೆನ್ನು ತೆಗೆದು, ಕೇಳಲೇಬೇಕಾದದ್ದು ಕೇಳಿದೆ:
ಮುನಿರಾಜು ಬಿಟ್ಟು, ಬೇರೆ?
ಅವಳು ಹೆಲ್ಮೆಟ್ಟಿನ ಪಟ್ಟಿ ಹಾಕಿದಳು, ಬಿಚ್ಚಿದಳು,
ಹಾಕಿದಳು.
‘ನಮ್ಮೆಜಮಾನ್ರು. ನೆಲಮಂಗಲದಲ್ಲಿ ಕೆಲಸ.
ಶನಿವಾರ ಬರ್ತಾರೆ.’

ಇವತ್ತು ಗುರುವಾರ.
ಪುಸ್ತಕದಿಂದ ಇನ್ನೊಂದು ಚೀಟಿ ಹರಿದೆ.